ಸವಾರ ಮನೆಗೆ ಬಂದ ಮೇಲೆ

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಇಷ್ಟು ವರ್ಷ ಸ್ಟುಡಿಯೋದಲ್ಲಿ ಕೂತು ಎಷ್ಟು ಸಲ ಯುದ್ಧದ ಬಗ್ಗೆ ಮಾತಾಡಿದ್ದೀನೋ, ನಾನು ಲೆಕ್ಕ ಇಟ್ಟಿಲ್ಲ. ಹಿಂದೆ ದೊಡ್ಡ ಪರದೆ, ಪರದೆ ಮೇಲೆ ಟ್ಯಾಂಕು, ಕ್ಷಿಪಣಿ, ಕೆಂಪು ಬಾಣದ ಗುರುತು. ಗಡಿ ದಾಟಿದ ಸೈನಿಕನನ್ನ ತೋರಿಸಿದ್ದೀನಿ. ಹುತಾತ್ಮನಾಗಿ ಪೆಟ್ಟಿಗೆಯಲ್ಲಿ ಬಂದ ಸೈನಿಕನನ್ನೂ ತೋರಿಸಿದ್ದೀನಿ. ಆದ್ರೆ ಬದುಕಿ ಮನೆಗೆ ಬಂದವನನ್ನ? ಬಂದು, ಕೈಕಾಲು ತೊಳ್ಕೊಂಡು, ಮಾರನೇ ದಿನ ಹೊಲಕ್ಕೆ ಹೋದವನನ್ನ? ಒಂದು ಸಲವೂ ತೋರಿಸಿಲ್ಲ. ಅದು ನಮಗೆ ಸುದ್ದಿ ಅಲ್ಲ.

ಇದು ಸುದ್ದಿ ಅಂತ ನನಗೆ ಹೇಳಿಕೊಟ್ಟವರು ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಬ್ಬ ಹಿರಿಯರು.

ಬಳ್ಳಾರಿಗೆ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಬೇಸಿಗೆ. ಬಳ್ಳಾರಿ ಬೇಸಿಗೆ ಅಂದ್ರೆ ಗೊತ್ತಲ್ಲ, ಬೆಟ್ಟವೇ ಕೆಂಡ ಆಗಿರುತ್ತೆ. ಸತ್ಯನಾರಾಯಣಪೇಟೆಯಲ್ಲಿ ಪರಿಚಯದವರ ಮನೆಯಲ್ಲಿ ಉಳಿದಿದ್ದೆ. ಬೆಳಗ್ಗೆ ಆರಕ್ಕೆ ಪಕ್ಕದ ಮನೆಯಿಂದ ಒಬ್ಬರು ಬುತ್ತಿ ಚೀಲ ಹಿಡಿದು ಹೊರಟಿದ್ರು. ವಯಸ್ಸು ಎಪ್ಪತ್ತರ ಮೇಲೆ. ಬೆನ್ನು ಮಾತ್ರ ಕಂಬದ ಹಾಗೆ ನೆಟ್ಟಗೆ. ಎಲ್ಲಿಗೆ ಅಂತ ಕೇಳಿದೆ. ಸಿರುಗುಪ್ಪ ಕಡೆ ನಾಲ್ಕು ಎಕರೆ ಇದೆ, ಬಸ್ಸಿಗೆ ಹೋಗಿ ಸಂಜೆ ಬರ್ತೀನಿ ಅಂದ್ರು. ಮೊಮ್ಮಕ್ಕಳ ಶಾಲೆಗೋಸ್ಕರ ಪಟ್ಟಣದಲ್ಲಿ ಮನೆ. ಮನಸ್ಸು ಮಾತ್ರ ಹೊಲದಲ್ಲಿ.

ಸಂಜೆ ಕಟ್ಟೆ ಮೇಲೆ ಕೂತು ಮಾತಾಡಿದ್ವಿ. ಅವರು ಸೈನ್ಯದಲ್ಲಿದ್ದವರು. ಅದೂ ಕುದುರೆ ದಳದಲ್ಲಿ. ಈ ಕಾಲದಲ್ಲಿ ಕುದುರೆ ದಳ ಎಲ್ಲಿಂದ ಬಂತು ಅಂತ ನಿಮಗೂ ಅನ್ನಿಸಬಹುದು, ನನಗೂ ಅನ್ನಿಸ್ತು. ಇದೆ. ಜೈಪುರದಲ್ಲಿರುವ 61ನೇ ಕ್ಯಾವಲ್ರಿ. 1953ರಲ್ಲಿ ಹಳೆ ಸಂಸ್ಥಾನಗಳ ಅಶ್ವದಳಗಳಲ್ಲಿ ಉಳಿದಿದ್ದನ್ನೆಲ್ಲ ಸೇರಿಸಿ ಕಟ್ಟಿದ ರೆಜಿಮೆಂಟು. ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದರಲ್ಲೇ ಕರಗಿತು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕುದುರೆ ಏರಿ ಬರ್ತಾರಲ್ಲ, ಅವರೇ.

ನಾನು ನನ್ನ ಕಸುಬಿನವರು ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಕುದುರೆ ಮೇಲೆ ಕೂತಾಗ ಏನನ್ನಿಸ್ತಿತ್ತು?"

ಅವರು ಉತ್ತರ ಕೊಡೋದಕ್ಕೆ ಮುಂಚೆ ಒಳಗಿಂದ ಅವರ ಹೆಂಡತಿ ಮಾತು ಬಂತು. "ಅವರನ್ನ ಏನು ಕೇಳ್ತೀರಿ? ಕುದುರೆ ಹೆಸರು, ಅದರ ಅಮ್ಮನ ಹೆಸರು ಎಲ್ಲಾ ನೆನಪೈತೆ. ಮಗಳು ಹುಟ್ಟಿದ ತಾರೀಖು ಕೇಳ್ರಿ ನೋಡೋಣ."

ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ಆಕೆ ಹೇಳೋದು ಖರೇನೇ. ನಾನು ಅಲ್ಲಿ ಒಂದು ಕುದುರೆ ನೋಡ್ಕಂಡೆ. ಆಕೆ ಇಲ್ಲಿ ಹೊಲ, ಎತ್ತು, ನಮ್ಮವ್ವ, ಮೂರು ಮಕ್ಕಳು ಎಲ್ಲಾ ನೋಡ್ಕಂಡಳು. ನೀವು ಟಿವಿನವರು ಯುದ್ಧ ತೋರಿಸ್ತೀರಿ. ಸವಾರ ತಿರುಗಿ ಮನೀಗೆ ಬಂದಮ್ಯಾಲೆ ಏನಾತು ಅಂತ ಯಾವತ್ತಾದ್ರೂ ತೋರ್ಸೀರೇನು?"

ಇಲ್ಲ. ತೋರಿಸಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸೆಕೆ ಒಂದು ಕಾರಣ, ಆ ಪ್ರಶ್ನೆ ಇನ್ನೊಂದು.

ಇದೇ ನೆಲದಲ್ಲಿ, ಇನ್ನೂರು ವರ್ಷಕ್ಕೂ ಹಿಂದೆ, ಈ ಪ್ರಶ್ನೆಗೆ ರಕ್ತದಲ್ಲಿ ಉತ್ತರ ಬರೆದಿದ್ದಾರೆ. ಆ ಕಥೆಯನ್ನ ಇವತ್ತು ಹೇಳ್ತೀನಿ.

*

1799ರ ಮೇ 4. ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ಇಷ್ಟು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಪಾಠ ಅಲ್ಲಿಗೆ ಮುಗಿಯುತ್ತೆ, ಗಂಟೆ ಹೊಡೆಯುತ್ತೆ. ಆದ್ರೆ ಮೇ 5ರ ಬೆಳಗ್ಗೆ ಏನಾಯ್ತು?

ಯೋಚನೆ ಮಾಡಿ. ಹೈದರಾಲಿ, ಟಿಪ್ಪು ಇಬ್ಬರ ಕಾಲದಲ್ಲೂ ಮೈಸೂರಿನ ಬಲ ಅಂದ್ರೆ ಕುದುರೆ. ಸಾವಿರಾರು ಸವಾರರು. ಅವರಿಗೆ ಸಂಬಳ ಕೊಡುತ್ತಿದ್ದ ಖಜಾನೆ ಒಂದೇ ದಿನದಲ್ಲಿ ಮಾಯ. ಪ್ರತಿಯೊಬ್ಬನಿಗೂ ಎಲ್ಲೋ ಒಂದು ಊರು, ಒಂದು ಮನೆ, ಕಾಯುತ್ತಿರುವ ಒಂದಷ್ಟು ಜನ.

ಆಗಿನ ಸವಾರನ ಸಂಸಾರದ ಲೆಕ್ಕಾಚಾರ ಅರ್ಥ ಆಗಬೇಕಾದ್ರೆ ಎರಡು ಪದ ಗೊತ್ತಿರಬೇಕು. ಒಂದು ಸಿಲ್ಲೇದಾರ, ಇನ್ನೊಂದು ಬಾರಗೀರ. ಸಿಲ್ಲೇದಾರ ಅಂದ್ರೆ ಕುದುರೆ, ಆಯುಧ ಎರಡೂ ತನ್ನದೇ ಆಗಿರುವ ಸವಾರ. ಅದನ್ನೇ ಬಂಡವಾಳ ಮಾಡಿಕೊಂಡು ಸಂಬಳಕ್ಕೆ ಸೇರುವವನು. ಬಾರಗೀರ ಅಂದ್ರೆ ಬೇರೆಯವರ ಕುದುರೆ ಏರುವವನು. ಅಂದ್ರೆ ಈಗಿನ ಹಾಗೆ ಹೇಳೋದಾದ್ರೆ, ಒಬ್ಬ ಸ್ವಂತ ಲಾರಿ ಇರುವ ಮಾಲೀಕ, ಇನ್ನೊಬ್ಬ ಬಾಡಿಗೆ ಡ್ರೈವರು.

ಸಿಲ್ಲೇದಾರನಿಗೆ ಕುದುರೆಯೇ ಹೊಲ, ಕುದುರೆಯೇ ಗಾಡಿ, ಕುದುರೆಯೇ ಬ್ಯಾಂಕು. ಕುದುರೆ ಸತ್ತರೆ ಸಂಬಳ ಸತ್ತಂತೆ. ಹಾಗಾಗಿ ಮನೆಯಲ್ಲಿ ಹುರುಳಿ ಮೊದಲು ಕುದುರೆಗೆ, ಆಮೇಲೆ ಮಕ್ಕಳಿಗೆ. ಸತ್ಯನಾರಾಯಣಪೇಟೆಯ ಆ ಅಜ್ಜಿಯ ದೂರು ಇದೆಯಲ್ಲ, ಅದು ಇನ್ನೂರು ವರ್ಷ ಹಳೆಯದು.

ಈಗ ರಾಜ್ಯವೇ ಹೋಯ್ತು. ಸವಾರನ ಮುಂದೆ ಉಳಿದಿದ್ದು ಮೂರೇ ದಾರಿ. ಹೊಸ ಸರ್ಕಾರದಲ್ಲಿ ಕೆಲಸ ಹುಡುಕೋದು. ಕುದುರೆ ಮಾರಿ ಎತ್ತು ಕಟ್ಟೋದು. ಇಲ್ಲಾ, ಕುದುರೆ ಇಳಿಯದೆ ಯಾರ ಹಿಂದಾದ್ರೂ ಹೋಗೋದು. ಮೂರನೇ ದಾರಿ ಹಿಡಿದವರಿಗೆ ಒಬ್ಬ ನಾಯಕ ಸಿಕ್ಕಿದ. ಅವನ ಹೆಸರು ಧೋಂಡಿಯಾ ವಾಘ್.

*

ಧೋಂಡಿಯಾ ನಮ್ಮ ಚನ್ನಗಿರಿಯವನು. ಇಂದಿನ ದಾವಣಗೆರೆ ಜಿಲ್ಲೆ. ಮರಾಠಾ ಮನೆತನ. ಹೈದರಾಲಿಯ ಅಶ್ವದಳದಲ್ಲಿ ಸಾಮಾನ್ಯ ಸವಾರನಾಗಿ ಸೇರಿದವನು. 1790ರ ದಶಕದ ಆರಂಭದ ಯುದ್ಧದ ಗದ್ದಲದಲ್ಲಿ ಮೈಸೂರು ಸೈನ್ಯ ಬಿಟ್ಟು, ಒಂದಷ್ಟು ಸವಾರರನ್ನ ಕಟ್ಟಿಕೊಂಡು ಧಾರವಾಡ, ಲಕ್ಷ್ಮೇಶ್ವರದ ಕಡೆ ಓಡಾಡಿದ. ಮರಾಠರ ಸೇನಾನಿ ಧೋಂಡೋಪಂತ ಗೋಖಲೆ ಬೆನ್ನು ಹತ್ತಿದ ಮೇಲೆ ಮತ್ತೆ ಟಿಪ್ಪು ಹತ್ತಿರ ಬಂದ. ಟಿಪ್ಪು ಸೇರಿಸಿಕೊಂಡ, ಇಸ್ಲಾಂಗೆ ಮತಾಂತರ ಮಾಡಿಸಿದ, ಸ್ವಲ್ಪ ಕಾಲದಲ್ಲೇ ಸೆರೆಗೂ ಹಾಕಿದ. ಕೋಟೆ ಬಿದ್ದ ದಿನ ಆತ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದ.

ಗೆದ್ದ ಬ್ರಿಟಿಷರು ಬಾಗಿಲು ತೆಗೆದರು, ಕೈದಿಗಳು ಹೊರಬಂದರು. ಅವರ ಜೊತೆ ಧೋಂಡಿಯಾನೂ ಹೊರಗೆ. ಯಾರನ್ನ ಬಿಟ್ಟಿದ್ದೀವಿ ಅಂತ ಅವರಿಗೆ ಗೊತ್ತಾಗೋ ಹೊತ್ತಿಗೆ ಆತ ಬಿದನೂರು, ಶಿಕಾರಿಪುರದ ಕಡೆ. ಹಿಂದೆ ಯಾರು? ಕೆಲಸ ಹೋದ ಸವಾರರು. ಅದೇ ಮೇ 5ರ ಬೆಳಗ್ಗೆ ದಿಕ್ಕು ಕಾಣದೆ ನಿಂತವರು.

ಇಲ್ಲಿ ಒಂದು ಮಾತು ಸ್ಪಷ್ಟ ಹೇಳಿಬಿಡ್ತೀನಿ. ಧೋಂಡಿಯಾನನ್ನ ಕೆಲವರು ಸ್ವಾತಂತ್ರ್ಯ ಹೋರಾಟಗಾರ ಅಂತಾರೆ. ಬ್ರಿಟಿಷರು ದರೋಡೆಕೋರ ಅಂದ್ರು. ನಾನು ಎರಡು ಹಾರ ತುರಾಯಿಯನ್ನೂ ಪಕ್ಕಕ್ಕಿಡ್ತೀನಿ. ಆತ ಊರುಗಳನ್ನ ಸುಲಿದಿದ್ದಾನೆ, ಅದು ನಿಜ. ಸುಲಿಗೆಗೆ ಸಿಕ್ಕ ಊರಲ್ಲೂ ಸಂಸಾರ ಇತ್ತು, ಹಗೇವಿನಲ್ಲಿ ಜೋಳ ಇತ್ತು. ಅದೇ ಹೊತ್ತಿಗೆ, ಒಂದು ಸಾಮ್ರಾಜ್ಯಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಿದ್ದೆ ಬರದ ಹಾಗೆ ಮಾಡಿದ್ದೂ ನಿಜ. ತನ್ನನ್ನ ಎರಡೂ ಲೋಕಗಳ ರಾಜ ಅಂತ ಕರೆದುಕೊಂಡ ಆ ಮನುಷ್ಯನನ್ನ ಸುಮ್ಮನೆ ನಕ್ಕು ಬಿಡೋ ಹಾಗಿರಲಿಲ್ಲ.

1799ರ ಆಗಸ್ಟ್‌ನಲ್ಲಿ ಶಿಕಾರಿಪುರದಲ್ಲಿ ಸೋತ. ತುಂಗಭದ್ರೆ ದಾಟಿ ಮರಾಠರ ಸೀಮೆಗೆ ಹೋದ. 1800ರ ಬೇಸಿಗೆಯ ಹೊತ್ತಿಗೆ ಮತ್ತೆ ಎದ್ದ. ಸವಣೂರಿನ ಸೀಮೆ ಅವನ ಕೈಯಲ್ಲಿ. ಮದ್ರಾಸಿನ ಗವರ್ನರ್ ಲಾರ್ಡ್ ಕ್ಲೈವ್ ಕೊಟ್ಟ ಆದೇಶ ಏನು ಗೊತ್ತಾ? ಎಲ್ಲಿ ಸಿಕ್ಕರೂ ಬೆನ್ನಟ್ಟಿ, ಸಿಕ್ಕಿದ ಮೊದಲನೇ ಮರಕ್ಕೆ ನೇಣು ಹಾಕಿ.

ಆ ಕೆಲಸ ಬಿದ್ದಿದ್ದು 31 ವರ್ಷದ ಒಬ್ಬ ಕರ್ನಲ್ ಮೇಲೆ. ಆರ್ಥರ್ ವೆಲ್ಲೆಸ್ಲಿ. ಹದಿನೈದು ವರ್ಷದ ನಂತರ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನ ಸೋಲಿಸಿದ, ಡ್ಯೂಕ್ ಆಫ್ ವೆಲಿಂಗ್ಟನ್ ಅಂತ ಜಗತ್ತು ಕರೆದ ಅದೇ ವೆಲ್ಲೆಸ್ಲಿ. ಈ ಬೇಟೆಗೋಸ್ಕರ ಆತ ಜಾವಾದ ಬಟೇವಿಯಾ ಮೇಲಿನ ದಂಡಯಾತ್ರೆಯ ನಾಯಕತ್ವವನ್ನೇ ಬೇಡ ಅಂದ.

1800ರ ಜೂನ್‌ನಲ್ಲಿ ವೆಲ್ಲೆಸ್ಲಿ ಹರಿಹರದ ಹತ್ತಿರ ತುಂಗಭದ್ರೆ ದಾಟಿದ. ರಾಣೆಬೆನ್ನೂರು ಬಿತ್ತು. ಸವಣೂರು, ಕುಂದಗೋಳ, ಡಂಬಳ. ಒಂದರ ಹಿಂದೆ ಒಂದು. ಅದೇ ಜೂನ್ ಕೊನೆಯಲ್ಲಿ ಕಿತ್ತೂರಿನ ಹತ್ತಿರ ಧೋಂಡಿಯಾ ತನ್ನ ಹಳೇ ವೈರಿ ಧೋಂಡೋಪಂತ ಗೋಖಲೆಯನ್ನ ಕೊಂದ.

ಯುದ್ಧದ ಕಥೆಯಲ್ಲಿ ನಾವು ನೋಡೋದು ಇಷ್ಟೇ. ಯಾರು ಯಾವ ಕೋಟೆ ಹಿಡಿದ, ಯಾರು ಯಾರನ್ನ ಕೊಂದ. ಈಗ ಕ್ಯಾಮೆರಾ ಸ್ವಲ್ಪ ಹಿಂದಕ್ಕೆ ತಿರುಗಿಸೋಣ. ಸೈನ್ಯದ ಹಿಂಬದಿಗೆ.

*

ಆ ಕಾಲದ ಕುದುರೆ ಸೈನ್ಯ ಅಂದ್ರೆ ಬರೀ ಸವಾರರಲ್ಲ. ಅದೊಂದು ನಡೆಯುವ ಊರು. ಹುಲ್ಲು ಕೊಯ್ಯುವವರು, ಲಾಳ ಕಟ್ಟುವವರು, ಎತ್ತಿನ ಮೇಲೆ ಧಾನ್ಯ ಹೇರಿಕೊಂಡ ಬಂಜಾರರು, ಬಜಾರಿನವರು. ಇವರೆಲ್ಲರ ಜೊತೆಗೆ ಹೆಂಗಸರು, ಮಕ್ಕಳು, ಮುದುಕರು. ಊರಲ್ಲಿ ಬಿಟ್ಟು ಬರೋದಕ್ಕೆ ಊರೇ ಸುರಕ್ಷಿತ ಅಲ್ಲದಿದ್ದಾಗ, ಸಂಸಾರವೂ ಬಿಡಾರದ ಜೊತೆಗೇ ನಡೆಯುತ್ತೆ. ಒಲೆ ಹೊತ್ತಿಸುವ ಜಾಗ ದಿನಾ ಬದಲಾಗುತ್ತೆ.

ಜುಲೈ 30, 1800. ಸವದತ್ತಿ ಸೀಮೆಯ ಮುನವಳ್ಳಿ. ಮಲಪ್ರಭಾ ದಂಡೆ ಮೇಲೆ ಧೋಂಡಿಯಾ ಸೈನ್ಯದ ಒಂದು ಭಾಗ ಬಿಡಾರ ಹೂಡಿತ್ತು. ವೆಲ್ಲೆಸ್ಲಿ ಒಂದೇ ಏಟಿಗೆ ಬಂದು ಮುಗಿಬಿದ್ದ. ಮುಂದೆ ಕುದುರೆ, ಹಿಂದೆ ಹೊಳೆ. ಜುಲೈ ಕೊನೆಯ ಮಲಪ್ರಭಾ. ಜನ ನೀರಿಗೆ ಬಿದ್ದರು.

ಎರಡು ದಿನ ಬಿಟ್ಟು ವೆಲ್ಲೆಸ್ಲಿ ತನ್ನ ಗೆಳೆಯನಿಗೆ ಪತ್ರ ಬರೆದ. ಅದರಲ್ಲಿ ಲೆಕ್ಕ ಇದೆ. ವಶಪಡಿಸಿಕೊಂಡ ತೋಪು: ಆರು. ಹೊಳೆಗೆ ಅಟ್ಟಿ ಮುಳುಗಿದವರು: ಸುಮಾರು ಐದು ಸಾವಿರ. ಆಮೇಲೆ ಒಂದು ತಮಾಷೆ ಧಾಟಿಯ ಮಾತು. ಈ ಮೋಜು ಅವರಿಗೆ ರುಚಿಸ್ತಾ ಇಲ್ಲ, ಅದಕ್ಕೇ ಧೋಂಡಿಯಾನ ಜನ ಬಿಟ್ಟು ಹೋಗ್ತಾ ಇದ್ದಾರೆ ಅನ್ನೋ ಅರ್ಥದಲ್ಲಿ.

ತೋಪಿನ ಲೆಕ್ಕ ಕರಾರುವಾಕ್ಕು. ಮನುಷ್ಯರ ಲೆಕ್ಕ ದುಂಡಗೆ. ಆ ಐದು ಸಾವಿರದಲ್ಲಿ ಸವಾರರೆಷ್ಟು, ಬಂಜಾರರೆಷ್ಟು, ಸೊಂಟದ ಮೇಲೆ ಮಗು ಕೂರಿಸಿಕೊಂಡವರೆಷ್ಟು ಅಂತ ಯಾರೂ ಬಿಡಿಸಿ ಬರೆಯಲಿಲ್ಲ.

ನಮ್ಮ ಹಳೇ ಊರುಗಳ ವೀರಗಲ್ಲು ನೋಡಿ. ಕುದುರೆ ಏರಿದ ವೀರ ಇರ್ತಾನೆ. ಪಕ್ಕದಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲು ಇರುತ್ತೆ, ಬಳೆ ತೊಟ್ಟ ಕೈ ಮೇಲೆತ್ತಿರುತ್ತೆ. ಆ ಪದ್ಧತಿಯನ್ನ ನಾನು ಹೊಗಳ್ತಾ ಇಲ್ಲ, ಅದು ಕ್ರೂರವೇ. ಆದ್ರೆ ಕಲ್ಲು ಕೆತ್ತಿದವನಿಗೆ ಗೊತ್ತಿತ್ತು, ಸವಾರನೊಬ್ಬ ಬಿದ್ದರೆ ಮನೆಯೊಂದು ಬೀಳುತ್ತೆ ಅಂತ. ಪತ್ರ ಬರೆದವನಿಗೆ ಅದು ಬೇಕಾಗಿರಲಿಲ್ಲ.

ವೆಲ್ಲೆಸ್ಲಿ ಆ ಪತ್ರ ಬರೆದ ಗೆಳೆಯ ಯಾರು? ಅವನ ಹೆಸರು ನೆನಪಿಟ್ಟುಕೊಳ್ಳಿ. ಥಾಮಸ್ ಮನ್ರೋ. ಈ ಕಥೆಯ ಕೊನೆಗೆ ಬಳ್ಳಾರಿಗೇ ಬರ್ತಾನೆ.

*

ಸೆಪ್ಟೆಂಬರ್ 10, 1800. ತುಂಗಭದ್ರೆಗೂ ಕೃಷ್ಣೆಗೂ ನಡುವಿನ ಎರೆನೆಲ. ಸಿರುಗುಪ್ಪದಿಂದ ಹೊಳೆ ದಾಟಿದರೆ ಸಿಗುತ್ತಲ್ಲ, ಆ ರಾಯಚೂರು ಸೀಮೆ. ಕೋಣಗಲ್ ಅನ್ನುವ ಊರಿನ ಹತ್ತಿರ ಬೆನ್ನಟ್ಟಿದವನು, ಬೆನ್ನಟ್ಟಿಸಿಕೊಂಡವನು ಎದುರುಬದುರಾದರು.

ಧೋಂಡಿಯಾ ಹತ್ತಿರ ಸುಮಾರು ಐದು ಸಾವಿರ ಕುದುರೆ. ವೆಲ್ಲೆಸ್ಲಿ ಹತ್ತಿರ ನಾಲ್ಕೇ ರೆಜಿಮೆಂಟು. ಎರಡು ಬ್ರಿಟಿಷರದ್ದು, ಎರಡು ಇಲ್ಲಿನ ಸವಾರರದ್ದೇ. ಎದುರಿನ ಸಾಲಿನಷ್ಟು ಉದ್ದ ಕಾಣಬೇಕು ಅಂತ ನಾಲ್ಕನ್ನೂ ಒಂದೇ ಸಾಲಿಗೆ ಹರಡಿ, ತಾನೇ ಮುಂದೆ ನಿಂತು ನುಗ್ಗಿಸಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಧೋಂಡಿಯಾ ಸತ್ತ. ಗುರುತು ಹಿಡಿದು, ಹೆಣವನ್ನ ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು.

ಗೆದ್ದ ಸೈನ್ಯ ಸಾಮಾನು ಸರಂಜಾಮು ಜಾಲಾಡ್ತಾ ಇತ್ತು. ಮೂಟೆ, ಪೆಟ್ಟಿಗೆ, ಡೇರೆ. ಅದರ ನಡುವೆ ಒಂದು ಮಗು. ಗಂಡು ಮಗು. ವಯಸ್ಸು ಸುಮಾರು ನಾಲ್ಕು.

ಹೆಸರು ಸಲಾಬತ್ ಖಾನ್. ಧೋಂಡಿಯಾ ವಾಘ್‌ನ ಮಗ. ಸಾಕುಮಗ ಅಂತಲೂ ಹೇಳ್ತಾರೆ. ಹೆತ್ತಿದ್ದೋ ಸಾಕಿದ್ದೋ, ಒಂದು ಮಾತಂತೂ ನಿಜ. ಸಿಕ್ಕಿದ ಮೊದಲ ಮರಕ್ಕೆ ನೇಣು ಹಾಕಿ ಅಂತ ಆದೇಶ ಇದ್ದ ಮನುಷ್ಯ, ಹಗಲು ರಾತ್ರಿ ಓಡುತ್ತಾ ಇದ್ದ ಮನುಷ್ಯ, ಒಂದು ಕೂಸನ್ನ ಕೊನೆಯವರೆಗೂ ಜೊತೆಗೆ ಇಟ್ಟುಕೊಂಡಿದ್ದ. ಮುನವಳ್ಳಿಯ ಹೊಳೆ ಆದ ಮೇಲೂ ಬಿಟ್ಟಿರಲಿಲ್ಲ. ಎರಡೂ ಲೋಕದ ರಾಜನಿಗೆ ಈ ಲೋಕದಲ್ಲಿ ಒಂದು ಮಗು ಇತ್ತು.

ಮಗುವನ್ನ ವೆಲ್ಲೆಸ್ಲಿ ಡೇರೆಗೆ ತಂದರು. ಆತ ಏನು ಮಾಡಿದ? ಇಲ್ಲಿ ಇತಿಹಾಸ ನಮ್ಮನ್ನ ಸ್ವಲ್ಪ ಗೊಂದಲಕ್ಕೆ ಕೆಡವುತ್ತೆ. ಐದು ಸಾವಿರ ಜನ ಮುಳುಗಿದ್ದನ್ನ ತಮಾಷೆಯಾಗಿ ಬರೆದ ಅದೇ ಕೈ, ಈ ಮಗುವನ್ನ ತನ್ನ ರಕ್ಷಣೆಗೆ ತಗೊಂಡಿತು. ಮದುವೆ ಆಗಿರದ ಆ ಕರ್ನಲ್ ಮಗುವಿನ ಊಟ, ಬಟ್ಟೆ, ಓದು ನೋಡಿಕೊಂಡ. 1805ರಲ್ಲಿ ಭಾರತ ಬಿಟ್ಟು ಹೋಗುವಾಗ ನೂರಾರು ಪೌಂಡ್ ಹಣವನ್ನ ಶ್ರೀರಂಗಪಟ್ಟಣದ ಅಧಿಕಾರಿಯೊಬ್ಬರ ಬಳಿ ಹುಡುಗನ ಹೆಸರಿಗೆ ಬಿಟ್ಟು ಹೋದ. ಮುಂದೆ ತನ್ನ ಸ್ವಂತ ಮಕ್ಕಳ ಜೊತೆ ಅಷ್ಟೇನೂ ಹತ್ತಿರ ಇರದ ಮನುಷ್ಯ ಅಂತ ಹೆಸರಾದವನು ಇವನೇ.

ಇದನ್ನ ದಯೆ ಅನ್ನೋಣವಾ? ಹೌದು, ದಯೆಯೇ. ಆದ್ರೆ ಅಪ್ಪನನ್ನ ಕೊಂದವನ ದಯೆ. ಆ ಹುಡುಗ ಇವೆರಡನ್ನೂ ಒಟ್ಟಿಗೇ ಹೊತ್ತುಕೊಂಡು ಬೆಳೆಯಬೇಕಾಯ್ತು.

ಸಲಾಬತ್ ಖಾನ್ ಚೆಲುವನಾಗಿ, ಬುದ್ಧಿವಂತನಾಗಿ ಬೆಳೆದ ಅಂತ ದಾಖಲೆ ಇದೆ. ದೊಡ್ಡವನಾದ ಮೇಲೆ ಮೈಸೂರು ಮಹಾರಾಜರ ಸೇವೆಗೆ ಸೇರಿದ. ಯಾರು ಆ ಮಹಾರಾಜರು? ಮುಮ್ಮಡಿ ಕೃಷ್ಣರಾಜ ಒಡೆಯರ್. 1799ರಲ್ಲಿ ಪಟ್ಟಕ್ಕೆ ಕೂರಿಸಿದಾಗ ಅವರಿಗೆ ಐದು ವರ್ಷ. ನೋಡಿ, ಒಂದೇ ಯುದ್ಧ. ಒಂದು ಮಗುವನ್ನ ಸಿಂಹಾಸನದ ಮೇಲೆ ಕೂರಿಸ್ತು. ಹೆಚ್ಚುಕಮ್ಮಿ ಅದೇ ವಯಸ್ಸಿನ ಇನ್ನೊಂದು ಮಗುವನ್ನ ಸಾಮಾನು ಗಾಡಿಯಲ್ಲಿ ಒಂಟಿಯಾಗಿ ಬಿಟ್ಟಿತು. ಎರಡನೆಯದು ದೊಡ್ಡದಾಗಿ ಮೊದಲನೆಯದರ ಸೇವೆಗೆ ಹೋಯ್ತು.

1822ರಲ್ಲಿ ಕಾಲರಾ. ಸಲಾಬತ್ ಖಾನ್ ತೀರಿಕೊಂಡ. ವಯಸ್ಸು ಇಪ್ಪತ್ತಾರರ ಆಸುಪಾಸು.

1792ರಲ್ಲಿ ಒತ್ತೆ ಇಟ್ಟ ಟಿಪ್ಪುವಿನ ಇಬ್ಬರು ಮಕ್ಕಳ ಚಿತ್ರ ಎಷ್ಟೋ ಪುಸ್ತಕದಲ್ಲಿದೆ. ಅವರು ಸುಲ್ತಾನನ ಮಕ್ಕಳು. ಸವಾರನ ಮಗನ ಚಿತ್ರ ನಮ್ಮ ಯಾವ ಪಠ್ಯಪುಸ್ತಕದಲ್ಲಿದೆ, ಹೇಳಿ?

*

ಈಗ ಬಳ್ಳಾರಿಗೆ ಬರೋಣ.

ಕೋಣಗಲ್ ಯುದ್ಧ ಆಗಿ ಬರೀ 32 ದಿನ. 1800ರ ಅಕ್ಟೋಬರ್ 12. ಹೈದರಾಬಾದ್ ನಿಜಾಮ, ಈಸ್ಟ್ ಇಂಡಿಯಾ ಕಂಪನಿ ನಡುವೆ ಒಪ್ಪಂದ. ಮೈಸೂರು ಯುದ್ಧಗಳಲ್ಲಿ ನಿಜಾಮನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪಾ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಅಂತಾರಲ್ಲ, ಅದೇ ಇದು. ಅದನ್ನ ನೋಡಿಕೊಳ್ಳೋದಕ್ಕೆ ಬಂದ ಕಲೆಕ್ಟರ್ ಥಾಮಸ್ ಮನ್ರೋ. ಮಲಪ್ರಭೆಯ ಪತ್ರ ಓದಿದವನು.

ಮನ್ರೋಗೆ ಎದುರಾಗಿದ್ದು ಏನು? 80 ಜನ ಪಾಳೇಗಾರರು, ಅವರ ಸಾವಿರಾರು ಆಯುಧಧಾರಿಗಳು. ಊರೂರಿಗೂ ಹುಡೇವು. ನೇಗಿಲು ಹಿಡಿದವನ ಸೊಂಟದಲ್ಲೂ ಕತ್ತಿ. ಅಂದ್ರೆ ರೈತ, ಸೈನಿಕ ಬೇರೆ ಬೇರೆ ಅಲ್ಲ. ಮಳೆ ಬಂದರೆ ರೈತ, ಬರದಿದ್ದರೆ ಬಂಟ. ನಮ್ಮಲ್ಲಿ ರಾವುತ ಅನ್ನೋ ಪದ ಪಾರ್ಸಿ ಬರೋದಕ್ಕೆ ಮುಂಚಿನಿಂದಲೂ ಇದೆ. ಕುದುರೆ ಸವಾರಿ ಅನ್ನೋದು ಈ ಸೀಮೆಯ ಮನೆಗಳಿಗೆ ಆಗಾಗ ಬರುತ್ತಿದ್ದ ಕೆಲಸ.

ಸೈನ್ಯ ಪಾಳೇಗಾರರನ್ನ ಬಗ್ಗಿಸಿತು. ಮನ್ರೋ ಹೊಲ ಹೊಲ ಅಳೆಸಿದ, ಒಬ್ಬೊಬ್ಬ ರೈತನ ಹೆಸರಿಗೇ ಕಂದಾಯ ಬರೆಸಿದ. ರೈತವಾರಿ ಪದ್ಧತಿ. ಇವತ್ತು ನಿಮ್ಮ ಕೈಯಲ್ಲಿರುವ ಪಹಣಿಯ ತಾತನ ತಾತ ಅದು. ಕತ್ತಿ ಕೆಳಗಿಟ್ಟವನ ಹೆಸರಿಗೆ ಹೊಲ ಬಂತು. ಜನ ಮನ್ರೋನನ್ನ ನೆನೆಸಿಕೊಂಡರು, ಈ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟರಂತೆ.

ಹಾಗಾದ್ರೆ ಕಥೆ ಸುಖಾಂತ್ಯವಾ? ಅಷ್ಟು ಬೇಗ ಚಪ್ಪಾಳೆ ಬೇಡ. ಕಂದಾಯ ಎಷ್ಟಿತ್ತು ಕೇಳಿ. ಬೆಳೆದ ಬೆಳೆಯ ಸುಮಾರು 45 ಭಾಗ. ನೂರು ಚೀಲ ಜೋಳ ಬೆಳೆದರೆ ನಲವತ್ತೈದು ಸರ್ಕಾರಕ್ಕೆ. ಇದು ಜಾಸ್ತಿ ಆಯ್ತು ಅಂತ ಮನ್ರೋಗೇ ಅನ್ನಿಸಿ, 1807ರಲ್ಲಿ ಹೋಗುವಾಗ ಕಾಲು ಭಾಗ ಇಳಿಸಿ ಅಂತ ಮೇಲಿನವರಿಗೆ ಬರೆದ. ಮೇಲಿನವರು ಕೇಳಲಿಲ್ಲ. ರೈತವಾರಿಯನ್ನೇ ತೆಗೆದು ಇಡೀ ಊರನ್ನ ಗುತ್ತಿಗೆ ಕೊಡೋ ಪದ್ಧತಿ ತಂದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆಗಿ ಬಂದ ಮೇಲೆ ರೈತವಾರಿ ವಾಪಸ್ ಬಂತು. 1827ರ ಜುಲೈನಲ್ಲಿ ಇದೇ ಸೀಮೆಗೆ ಕೊನೇ ಸಲ ಬಂದ ಮನ್ರೋ ಪತ್ತಿಕೊಂಡದಲ್ಲಿ ಕಾಲರಾಕ್ಕೆ ಸತ್ತ. ಸಲಾಬತ್ ಖಾನನನ್ನ ಕೊಂದ ಅದೇ ಕಾಲರಾ. ಅದಕ್ಕೆ ಗೆದ್ದವರು, ಸೋತವರು ಅಂತ ಭೇದ ಇರಲಿಲ್ಲ.

ಇಲ್ಲಿ ನನಗೆ ಕಾಣೋ ಪಾಠ ಇಷ್ಟೇ. ಸವಾರನ ಕೈಯಿಂದ ಲಗಾಮು ಕಿತ್ತುಕೊಳ್ಳೋದು ಒಂದು ದಿನದ ಕೆಲಸ. ಅವನ ಕೈಗೆ ನೇಗಿಲು ಕೊಡೋದು ಒಂದೆರಡು ವರ್ಷದ ಕೆಲಸ. ಆ ನೇಗಿಲಿನಿಂದ ಅವನ ಮನೆ ನಡೆಯುವ ಹಾಗೆ ಮಾಡೋದು ಒಂದು ತಲೆಮಾರಿನ ಕೆಲಸ. ಗೆದ್ದವರು ಮೊದಲನೆಯದನ್ನ ಚೆನ್ನಾಗಿ ಮಾಡಿದ್ರು. ಎರಡನೆಯದನ್ನ ಅರ್ಧ ಮಾಡಿದ್ರು. ಮೂರನೆಯದನ್ನ ಹೆಂಗಸರ ಮೇಲೆ ಬಿಟ್ಟರು.

*

ಕುದುರೆ ಬಿಡದವರ ಕಥೆಯೂ ಮುಂದುವರಿಯಿತು. ಎಲ್ಲರೂ ಧೋಂಡಿಯಾ ಹಿಂದೆ ಹೋಗಲಿಲ್ಲ. ಹೊಸ ಮೈಸೂರು ಸಂಸ್ಥಾನ ಸಿಲ್ಲೇದಾರ ದಳ ಇಟ್ಟುಕೊಂಡಿತು. 1807ರ ಒಪ್ಪಂದದ ಪ್ರಕಾರ 4000 ಕುದುರೆ. ಬ್ರಿಟಿಷರ ಯುದ್ಧಗಳಿಗೆ ಹೋಗಿ ಬಂದರು. 1892ರಲ್ಲಿ ಆ ದಳವನ್ನ ತಿದ್ದಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಮಾಡಿದರು. ಅದೇ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಪಟ್ಟಣವನ್ನ ಗೆದ್ದಿತು. ಮೆಷಿನ್ ಗನ್ನಿನ ಎದುರು ಭರ್ಜಿ ಹಿಡಿದು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸವಾರರಲ್ಲಿ ಒಬ್ಬ ನಮ್ಮ ಮೈಸೂರಿನವನು. ಆ ದಳವೇ ಕೊನೆಗೆ 1953ರಲ್ಲಿ 61ನೇ ಕ್ಯಾವಲ್ರಿಗೆ ಸೇರಿದ್ದು.

ಅಲ್ಲಿಂದ ದಾರಿ ನೇರ ಸತ್ಯನಾರಾಯಣಪೇಟೆಯ ಕಟ್ಟೆಗೆ ಬರುತ್ತೆ.

ಆ ಹಿರಿಯರಿಗೆ ಈ ಕಥೆಯನ್ನೆಲ್ಲ ಫೋನಿನಲ್ಲಿ ಹೇಳಿದೆ. ಮುನವಳ್ಳಿ ಹೊಳೆ, ಕೋಣಗಲ್, ಆ ಮಗು. ಪೂರ್ತಿ ಕೇಳಿದರು. ಧೋಂಡಿಯಾ ಬಗ್ಗೆ ಏನೂ ಕೇಳಲಿಲ್ಲ. ವೆಲ್ಲೆಸ್ಲಿ ಬಗ್ಗೆಯೂ ಕೇಳಲಿಲ್ಲ. "ಆ ಹುಡುಗನ ತಾಯಿ?" ಅಂದ್ರು.

ಆ ಪ್ರಶ್ನೆ ನಾನು ಕೇಳಬೇಕಿತ್ತು. ಇಷ್ಟು ಓದಿ, ಇಷ್ಟು ಬರೆದು, ಇಷ್ಟು ವರ್ಷ ಪ್ರಶ್ನೆ ಕೇಳೋದನ್ನೇ ಕಸುಬು ಮಾಡಿಕೊಂಡು, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ನಾನು ಸುಮ್ಮನಿದ್ದೆ. ಅವರೇ ಮಾತು ಮುಂದುವರಿಸಿದರು. ಸೈನ್ಯ ಬಿಟ್ಟು ಬಂದ ಮೊದಲನೇ ವರ್ಷದ ಕಥೆ. ಹೊಲಕ್ಕೆ ಹೋದರೆ ಎಲ್ಲಿ ಕಾಲುವೆ ನೀರು ತಿರುಗಿಸಬೇಕು ಅಂತ ಇವರಿಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತು. ಸೊಸೈಟಿ ಸಾಲದ ಕಾಗದ ಹೆಂಡತಿ ಹತ್ತಿರ. ಮಕ್ಕಳು ಏನು ಬೇಕಾದರೂ ಅಮ್ಮನನ್ನೇ ಕೇಳೋದು. ಬೆಳಗ್ಗೆ ನಾಲ್ಕಕ್ಕೆ ಎಚ್ಚರ ಆಗುತ್ತೆ, ಮಾಲೀಸು ಮಾಡೋದಕ್ಕೆ ಕುದುರೆ ಇಲ್ಲ. ಎದ್ದು ಎತ್ತಿನ ಮೈ ಉಜ್ಜೋರಂತೆ. "ಎತ್ತಿಗೆ ಗಾಬರಿ ಆಗ್ತಿತ್ತು" ಅಂದ್ರು. "ಒಂದು ವರ್ಷ ನಾನು ನನ್ನ ಮನೆಯಾಗೇ ಬಾರಗೀರ ಆಗಿದ್ದೆ ಅನ್ರಿ. ಕುದುರೆ ಆಕೀದು. ನಾನು ಸುಮ್ನೆ ಹತ್ತಿ ಕುಂತಿದ್ದೆ."

ಈಗ? ಈಗ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ. ಬುತ್ತಿ ಕಟ್ಟೋದು ಅವರೇ. ಹೆಂಡತಿಗೆ ಮಂಡಿ ನೋವು. "ಆಕೆ ಸರ್ವಿಸು ಮುಗೀತು, ಈಗ ನನ್ನ ಡ್ಯೂಟಿ" ಅಂದ್ರು.

ಇದು ಬ್ರೇಕಿಂಗ್ ನ್ಯೂಸ್ ಅಲ್ಲ. ಇದಕ್ಕೆ ಕೆಂಪು ಪಟ್ಟಿ ಹಾಕೋದಕ್ಕೆ ಆಗಲ್ಲ. ಆದ್ರೆ ನನ್ನ ಪ್ರಕಾರ ಒಂದು ದೇಶ ಯುದ್ಧ ಗೆದ್ದಿದೆಯೋ ಇಲ್ಲವೋ ಅನ್ನೋದಕ್ಕೆ ನಿಜವಾದ ಪುರಾವೆ ಇಂಥ ಮನೆಗಳಲ್ಲೇ ಸಿಗೋದು. ಲಗಾಮು ಬಿಟ್ಟ ಕೈಗೆ ಕೆಲಸ ಸಿಕ್ಕಿತಾ? ಅವನಿಲ್ಲದಾಗ ಹೊಲ ಉಳಿಸಿದವಳ ಹೆಸರು ಆ ಪಹಣಿಯಲ್ಲಿ ಇದೆಯಾ? ಮಗುವಿಗೆ ಅಪ್ಪ ಸಿಕ್ಕನಾ?

1799ರ ಮೇ 5ರ ಬೆಳಗ್ಗೆ ಈ ಮೂರು ಪ್ರಶ್ನೆಯನ್ನ ಯಾರಾದರೂ ಕೇಳಿದ್ದರೆ, ಮುನವಳ್ಳಿಯ ಹೊಳೆಯಲ್ಲಿ ಅಷ್ಟು ಜನ ಮುಳುಗುತ್ತಿರಲಿಲ್ಲವೇನೋ. ಕೋಣಗಲ್‌ನ ಸಾಮಾನು ಮೂಟೆಗಳ ನಡುವೆ ಒಂದು ನಾಲ್ಕು ವರ್ಷದ ಮಗು ಹಾಗೆ ನಿಂತಿರುತ್ತಿರಲಿಲ್ಲವೇನೋ.

ನಿಮ್ಮ ಬೀದಿಯಲ್ಲೂ ಒಬ್ಬರು ಇರ್ತಾರೆ. ಬೆನ್ನು ನೆಟ್ಟಗಿರುವವರು, ಬೆಳಗ್ಗೆ ಬೇಗ ಏಳುವವರು. ಅವರನ್ನ ಯುದ್ಧದ ಕಥೆ ಕೇಳಬೇಡಿ, ಅದು ಹೇಗೂ ನಮ್ಮ ಚಾನೆಲ್‌ನಲ್ಲಿ ಬರುತ್ತೆ. ಮನೆಗೆ ಬಂದ ಮೊದಲನೇ ವರ್ಷ ಹೇಗಿತ್ತು ಅಂತ ಕೇಳಿ. ಕೇಳುವಾಗ ಅವರ ಹೆಂಡತಿಯನ್ನೂ ಹೊರಗೆ ಕರೆದು ಕೂರಿಸಿ.

ಉತ್ತರ ಅವರ ಹತ್ತಿರ ಇರುತ್ತೆ.